ಸಲ್ಯೂಟ್ ಹೊಡೆಯಲು ಒಂದು ಕಿಲ್ಟು

ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ನನಗೆ ಊಟ ಸೇರುವುದಿಲ್ಲ. ಹೊಳೆನರಸೀಪುರದ ಸುತ್ತಮುತ್ತಲ ಶಾಲೆಗಳ ಲಂಗಗಳೆಲ್ಲ ಒಂದೇ ಸಲ ನನ್ನ ಅಂಗಡಿಗೆ ಬಂದು ಬೀಳುತ್ತವೆ. ಒಂದಕ್ಕೆ ಉದ್ದ ಬಿಡಬೇಕು, ಇನ್ನೊಂದಕ್ಕೆ ಸೊಂಟ ಸಡಿಲ ಮಾಡಬೇಕು, ಮತ್ತೊಂದಕ್ಕೆ ನೆರಿಗೆ ಹೊಸದಾಗಿ ಕೂರಿಸಬೇಕು. ಅಂಥ ಗದ್ದಲದ ಒಂದು ಮಧ್ಯಾಹ್ನ ಹೊರಗೆ ಸೀಟಿಯ ಸದ್ದು ಕೇಳಿಸಿತು. ನೋಡಿದರೆ ಹೈಸ್ಕೂಲಿನ ಪೀಟಿ ಮೇಷ್ಟ್ರು. ಎರಡು ಕಂಕುಳಲ್ಲೂ ಊರುಗೋಲು, ಬಾಯಲ್ಲಿ ಸೀಟಿ. ನನ್ನ ಅಂಗಡಿಯ ಮೆಟ್ಟಿಲು ಒಬ್ಬರೇ ಹತ್ತಲಾರದೆ ಕೆಳಗೇ ನಿಂತಿದ್ದರು.

“ಒಂದ್ ಕೆಲ್ಸ ಐತೆ ಕಣವ್ವ. ನಗಬಾರ್ದು, ಈಗ್ಲೇ ಹೇಳಿವ್ನಿ,” ಎಂದರು.

ನಗಬೇಡ ಎಂದಮೇಲೆ ನಗು ತಡೆಯುವುದು ನನ್ನ ಕೈಲಾಗದ ಕೆಲಸ. ಅವರು ತೊಟ್ಟಿದ್ದು ಪ್ಯಾಂಟೂ ಅಲ್ಲ, ಪಂಚೆಯೂ ಅಲ್ಲ. ಬೂದು ಬಣ್ಣದ ದಪ್ಪ ಡ್ರಿಲ್ ಬಟ್ಟೆ, ಮೊಣಕಾಲಿಗೆ ನಿಲ್ಲುವ ಉದ್ದ, ಮುಂದೆಲ್ಲ ಅಗಲವಾದ ನೆರಿಗೆ. ಎರಡು ಪಕ್ಕಕ್ಕೂ ಹೊಟ್ಟೆ ಉಬ್ಬಿದ ಜೇಬು, ಜೇಬಿನ ಮೇಲೆ ಉಕ್ಕಿನ ಗುಂಡಿ, ಸರಪಳಿ ನೇತುಹಾಕಲು ಬಳೆಗಳು, ಸೊಂಟದಲ್ಲಿ ಚರ್ಮದ ಪಟ್ಟಿ.

“ಏನ್ ಮೇಷ್ಟ್ರೇ, ಎಂಟನೇ ಕ್ಲಾಸಿನ ಹುಡುಗೀರ ಲಂಗ ಕಿತ್ಕಂಡ್ ಬಂದ್ರಾ?”

“ಕಿಲ್ಟು ಅಂತಾರೆ ಇದಕ್ಕೆ! ಸ್ಕಾಟ್ಲೆಂಡ್ ಕಡೆ ಗಂಡಸ್ರು ಹಾಕ್ಕೊಳೋದು. ಮಿಲಿಟ್ರೀಲೂ ಹಾಕ್ತಾರೆ,” ಎಂದು ಗದರಿದರು. ನಾನು ಹೊಲಿದ ಲಂಗದ ಅಂಚು ಒಂದು ಬೆರಳು ಏರುಪೇರಾದರೆ ಹುಡುಗಿಯ ಕೈಲೇ ವಾಪಸ್ ಕಳಿಸುವ ಮನುಷ್ಯ ಅವರು. ಲಂಗದ ಥರದ್ದೇ ಒಂದನ್ನು ತೊಟ್ಟು ನನ್ನ ಮುಂದೆ ನಿಂತಿದ್ದು ನೋಡಿ ನನಗೆ ಒಳಗೊಳಗೇ ಹಿಗ್ಗಾಗಿತ್ತು, ಸುಳ್ಳೇಕೆ.

ಆದರೆ ಕಾಲು ನೋಡಿದಾಗ ನಗು ನಿಂತಿತು. ಅರಕಲಗೂಡು ರಸ್ತೆಯಲ್ಲಿ ಬೈಕು ಜಾರಿ ಅವರ ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಮುರಿದಿತ್ತು. ಹಾಸನದ ಡಾಕ್ಟರು ಕಾಲಿನ ಸುತ್ತ ಉಕ್ಕಿನ ಉಂಗುರಗಳನ್ನು ಒಂದರ ಕೆಳಗೊಂದು ಜೋಡಿಸಿ, ಉಂಗುರದಿಂದ ಮೂಳೆಗೆ ತಂತಿ ಹಾಯಿಸಿದ್ದರು. ಮೂಳೆ ಕೂಡುವವರೆಗೆ, ಅಂದರೆ ಇನ್ನೂ ಕೆಲವು ತಿಂಗಳು, ಅದು ಅಲ್ಲೇ ಇರಬೇಕು. ಆ ಕಾಲಿಗೆ ಪ್ಯಾಂಟು ಏರಿಸುವ ಮಾತೇ ಇಲ್ಲ. ಹಿಂದೊಮ್ಮೆ ನಾನೇ ಒಂದು ಪ್ಯಾಂಟಿನ ಪಕ್ಕ ಬಿಚ್ಚಿ ವೆಲ್ಕ್ರೋ ಅಂಟುಪಟ್ಟಿ ಹೊಲಿದುಕೊಟ್ಟಿದ್ದೆ. ಬಟ್ಟೆ ತಂತಿಗೆ ಉಜ್ಜಿ ಕೀವಾಯಿತು, ಡಾಕ್ಟರು ಬೈದು ಅದನ್ನು ಬಿಚ್ಚಿಸಿದರು. ಪಂಚೆ ಉಟ್ಟರೆ ನಡೆಯುವಾಗ ಒಂದು ಕೈಯಲ್ಲಿ ತುದಿ ಹಿಡಿಯಬೇಕು, ಎರಡು ಕೈಯಲ್ಲೂ ಊರುಗೋಲು ಇರುವವನು ಏನು ಹಿಡಿದಾನು? ಶಾಲೆಯ ಜಗುಲಿಯಲ್ಲೇ ಒಂದು ದಿನ ಪಂಚೆ ಕಳಚಿಕೊಂಡಿತ್ತಂತೆ. ಆಗ ಚನ್ನರಾಯಪಟ್ಟಣದಲ್ಲಿರುವ ಅವರ ಅಕ್ಕನ ಮಗ, ಬೈಕು ಓಡಿಸಿಕೊಂಡು ಬೆಟ್ಟ ಸುತ್ತುವವನು, ತನ್ನ ಈ ಕಿಲ್ಟನ್ನು ಕಳಿಸಿಕೊಟ್ಟಿದ್ದ. ಪಟ್ಟಿ ಬಿಗಿದರೆ ಮುಗಿಯಿತು, ಕೈ ಬೇಕಾಗಿಲ್ಲ.

“ಮನೇಲಿ ಹಾಕ್ಕೊಳೋಕೆ ಚೆನ್ನಾಗೈತೆ. ಈಗ ಪೆರೇಡ್‌ಗೆ ಹಾಕ್ಕೋಬೇಕು,” ಎಂದರು.

ಆ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಸೇರಿದ ವರ್ಷದಿಂದ ಒಂದೇ ಒಂದು ಆಗಸ್ಟ್ ಹದಿನೈದನ್ನೂ ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ. ಬಿಳಿ ಪ್ಯಾಂಟು, ಬಿಳಿ ಅಂಗಿ ತೊಟ್ಟು ಸಾವಧಾನ್ ಅಂದರೆ ರಸ್ತೆಯಲ್ಲಿ ಹೋಗುವ ದನವೂ ನಿಲ್ಲುತ್ತಿತ್ತು. ಈ ಸಲ ಹೆಡ್ ಮೇಡಂ, “ನೀವು ಕುರ್ಚಿ ಮೇಲೆ ಕೂತಿರಿ ಸರ್, ಕಮಾಂಡ್ ಡ್ರಾಯಿಂಗ್ ಮೇಷ್ಟ್ರು ಕೊಡ್ಲಿ,” ಅಂದಿದ್ದರು. ಇವರು ಹಟ ಹಿಡಿದಾಗ, “ಸರಿ, ಆದ್ರೆ ಈ ಜೇಬು, ಸರಪಳಿ ಎಲ್ಲ ಹಾಕ್ಕೊಂಡು ಬಾವುಟದ ಮುಂದೆ ನಿಲ್ಲೋದು ಬೇಡ. ಗೌರವವಾಗಿ ಕಾಣೋ ಹಾಗೆ ಬನ್ನಿ, ನೋಡೋಣ,” ಎಂದು ಒಂದು ಬಾಗಿಲು ತೆರೆದಿಟ್ಟಿದ್ದರು.

“ಎಡಗಡೆ ಒಂದೇ ಊರುಗೋಲ್ ಮೇಲೆ ನಿಂತ್ಕೊಳ್ಳೋದು ಕಲ್ತಿವ್ನಿ. ಬಲಗೈ ಸಲ್ಯೂಟ್‌ಗೆ ಬೇಕು. ಬಟ್ಟೆ ನೋಡ್ಕೊಳ್ಳೋಕೆ ನಂಗೆ ಮೂರನೇ ಕೈ ಇಲ್ಲ. ಅದ್ ನಿಂದು,” ಎಂದರು.

ಹೀಗೆ ಕೇಳಿದಮೇಲೆ ಇಲ್ಲ ಅನ್ನುವುದು ಹೇಗೆ? ಸಂಜೆ ಅವರು ಮನೆಯಿಂದ ಕಳಿಸಿಕೊಟ್ಟ ಮೇಲೆ, ಲಂಗಗಳ ರಾಶಿಯನ್ನು ಪಕ್ಕಕ್ಕೆ ತಳ್ಳಿ ಕಿಲ್ಟನ್ನು ಮೇಜಿನ ಮೇಲೆ ಹಾಸಿದೆ.

ಮೊದಲು ಜೇಬು, ಬಳೆ, ಗುಂಡಿ ಎಲ್ಲ ಕಿತ್ತೆ. ಜೇಬಿನ ಬಾಯಿ ಯಾಕೋ ಬೆನ್ನಿನ ಕಡೆಗೆ ವಾಲಿತ್ತು. ಕೈ ಹಾಕುವವನು ತೋಳು ತಿರುಚಿಕೊಳ್ಳಬೇಕು. ಎಷ್ಟು ದೊಡ್ಡ ಕಂಪನಿಯಾದರೂ ಕೆಲಸ ಇಷ್ಟೇ ಎಂದು ಬೈದುಕೊಂಡು ಕಿತ್ತು ಎಸೆದೆ. ಜೇಬು ಹೋದ ಜಾಗದಲ್ಲಿ ಬಟ್ಟೆ ಮಾಸಿರಲಿಲ್ಲ, ಹೊಸ ಬೂದು ಬಣ್ಣದ ಎರಡು ಚೌಕ ಎದ್ದು ಕಾಣುತ್ತಿದ್ದವು. ತೊಳೆದರೆ ಹೋಗುವಂಥದ್ದಲ್ಲ. ಇಡೀ ಬಟ್ಟೆಗೆ ಕಪ್ಪು ಬಣ್ಣ ಕಟ್ಟುವುದೊಂದೇ ದಾರಿ ಎನಿಸಿತು.

ಹಾಸನದಿಂದ ಬಣ್ಣದ ಪುಡಿ ತರಿಸಿ, ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಉಪ್ಪು ಹಾಕಿ ಕುದಿಸಿದೆ. ಬಟ್ಟೆಯನ್ನು ಕೋಲಿನಿಂದ ತಿರುವುತ್ತಲೇ ಇರಬೇಕು, ಬಿಟ್ಟರೆ ಮಡಿಕೆ ಬಿದ್ದಲ್ಲಿ ಕಲೆ ನಿಲ್ಲುತ್ತದೆ. ಆರಿದ ಮೇಲೆ ನೋಡಿದರೆ ಬಟ್ಟೆ ಚೆನ್ನಾಗಿ ಕಪ್ಪಾಗಿದೆ, ಹೊಲಿಗೆಯ ದಾರ ಮಾತ್ರ ಬೂದಾಗಿಯೇ ಉಳಿದಿದೆ. ಬಟ್ಟೆ ಹತ್ತಿ, ದಾರ ಪಾಲಿಯೆಸ್ಟರು, ಅದು ಬಣ್ಣ ಕುಡಿಯುವುದಿಲ್ಲ. ಲಂಗ ಹೊಲಿದು ಹೊಲಿದು ಕೈ ಸವೆಸಿಕೊಂಡವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಮೇಲೆ ಕಾಣುವ ಹೊಲಿಗೆಯನ್ನೆಲ್ಲ ಬ್ಲೇಡಿನಿಂದ ಬಿಚ್ಚಿ ಕಪ್ಪು ದಾರದಲ್ಲಿ ಮತ್ತೆ ಹೊಲಿಯುವಷ್ಟರಲ್ಲಿ ಕಣ್ಣು ಉರಿ ಬಂತು.

ಮುಂದಿನದು ಇಸ್ತ್ರಿ. ನಮ್ಮ ಬೀದಿಯ ಇಸ್ತ್ರಿಯವನು ಕಿಲ್ಟನ್ನು ಎತ್ತಿ ಹಿಡಿದು, ಮೇಷ್ಟ್ರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ.

“ಗಂಜಿ ಆಕ್ದೆ ಇದ್ರೆ ಮರ್ವಾದೆ ಎಲ್ಲಿಂದ ಬತ್ತದೆ ಸಾ? ಎಮ್ಮೆಲ್ಲೆ ಪಂಚೆ ಆದ್ರೂ ಅಷ್ಟೇಯ. ನಂಗ್ ಬುಡಿ,” ಎಂದ.

ಅವನು ಹೇಳಿದ್ದರಲ್ಲಿ ನನಗೂ ಮೇಷ್ಟ್ರಿಗೂ ಏನೂ ತಪ್ಪು ಕಾಣಲಿಲ್ಲ. ನಮ್ಮ ಕಡೆ ಬಟ್ಟೆಗೆ ಗೌರವ ಬರುವುದು ಗಂಜಿಯಿಂದಲೇ. ಗಟ್ಟಿ ಗಂಜಿಯಲ್ಲಿ ಅದ್ದಿ, ಕೆಂಡದ ಇಸ್ತ್ರಿಯಲ್ಲಿ ಒಂದೊಂದೇ ನೆರಿಗೆ ಒತ್ತಿಕೊಟ್ಟ. ಮೇಜಿನ ಮೇಲೆ ಇಟ್ಟರೆ ಕಿಲ್ಟು ತಾನೇ ನಿಂತುಕೊಳ್ಳುತ್ತಿತ್ತು. ಮುಂಭಾಗದ ನೆರಿಗೆಗಳು ಹೊಸ ಪುಸ್ತಕದ ಹಾಳೆಯ ಹಾಗಿದ್ದವು. ಮೇಷ್ಟ್ರು ತೊಟ್ಟು, ಅಗಲ ಬೆಲ್ಟು ಬಿಗಿದು, ಕನ್ನಡಿ ಮುಂದೆ ಮೀಸೆ ತಿರುವಿದರು. ನನಗೂ ಗೆದ್ದೆ ಅನಿಸಿತು.

ಮಾರನೆಯ ದಿನ ಮೈದಾನದಲ್ಲಿ ಪೆರೇಡಿನ ತಾಲೀಮು ಇತ್ತು. ನಾನೂ ಹೋದೆ. ಆಗಸ್ಟಿನ ಜಿಟಿಜಿಟಿ ಮಳೆ. ಮೇಷ್ಟ್ರು ಮೈದಾನದ ನಡುವಿಗೆ ಹೋಗುವಷ್ಟರಲ್ಲಿ ಗಂಜಿ ಕರಗಿ ಕಪ್ಪು ಬಟ್ಟೆಯ ಮೇಲೆ ಬೆಳ್ಳಗೆ ಇಳಿಯತೊಡಗಿತು. ನೆರಿಗೆಗಳು ಒಂದಕ್ಕೊಂದು ಅಂಟಿಕೊಂಡು, ಒದ್ದೆಯಾಗಿ, ಮುಂದಕ್ಕೆ ಜೋತುಬಿದ್ದವು. ಮಕ್ಕಳು ತುಟಿ ಕಚ್ಚಿಕೊಂಡು ನಿಂತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಮೇಷ್ಟ್ರು ಬಲಕ್ಕೆ ತಿರುಗಲು ಕಾಲು ಎತ್ತಿದಾಗ, ಜೋತುಬಿದ್ದ ಒಂದು ನೆರಿಗೆ ಮೇಲಿನ ಉಂಗುರದ ಬೋಲ್ಟಿಗೆ ಸಿಕ್ಕಿಕೊಂಡಿತು. ಊರುಗೋಲು ಜಾರಿತು. ಡ್ರಾಯಿಂಗ್ ಮೇಷ್ಟ್ರು ಓಡಿಬಂದು ತಬ್ಬಿ ಹಿಡಿಯದಿದ್ದರೆ ಆ ಕಾಲು ಮತ್ತೆ ಮುರಿಯುತ್ತಿತ್ತು.

ಹೆಡ್ ಮೇಡಂ ಕೊಡೆ ಹಿಡಿದು ಬಂದರು. ಕೋಪವಿರಲಿಲ್ಲ, ಹೆದರಿದ್ದರು. “ನೀವು ಬಿದ್ರೆ ಮನೆಯವರಿಗೆ ನಾನು ಏನು ಉತ್ತರ ಕೊಡ್ಲಿ ಸರ್? ಕುರ್ಚೀನೇ ಸರಿ. ದಯವಿಟ್ಟು ಇಷ್ಟಕ್ಕೆ ಬಿಡಿ,” ಎಂದರು.

ಮೇಷ್ಟ್ರು ಊರುಗೋಲು ಊರಿ ಮೈದಾನದಿಂದ ಹೊರಗೆ ನಡೆದರು. ನನ್ನ ಜೊತೆ ಆಟೋದಲ್ಲಿ ಕೂತ ಮೇಲೆ ಕೊರಳಿನ ಸೀಟಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಅದು ನನಗೆ ತಡೆಯಲಾಗಲಿಲ್ಲ. ಮಳೆಯ ಮೇಲೆ, ಇಸ್ತ್ರಿಯವನ ಮೇಲೆ, ಆ ಕಂಪನಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಸಿಟ್ಟು ಬಂತು. “ಮನೆಗೆ ಹೋದ್ಮೇಲೆ ಬಿಚ್ಚಿ ಕಳಿಸಿ ಅದನ್ನ. ನಾಳೆ ಬನ್ನಿ,” ಎಂದೆ.

“ಬುಡವ್ವ, ಆಯ್ತಲ್ಲ,” ಎಂದರು.

“ನಾಳೆ ಬನ್ನಿ ಅಂದೆ.”

ಗಂಜಿಯನ್ನೆಲ್ಲ ತೊಳೆದು, ಬೆಳಿಗ್ಗೆ ಕಿಲ್ಟನ್ನು ಮೇಜಿನ ಮೇಲೆ ಬಿಡಿಸಿ, ಗಿರಾಕಿಯ ಬಟ್ಟೆ ನೋಡುವ ಹಾಗಲ್ಲದೆ ನಾನೇ ಹೊಲಿಯಬೇಕಾದ ಬಟ್ಟೆ ನೋಡುವ ಹಾಗೆ ಅಳತೆಪಟ್ಟಿ ಹಿಡಿದು ನೋಡಿದೆ. ನೆರಿಗೆಗಳು ಸೊಂಟದ ಬಳಿ ಕಿರಿದಾಗಿ, ಕೆಳಗೆ ಬರುತ್ತಾ ಅಗಲವಾಗಿದ್ದವು. ಪಟ್ಟಿಯಿಂದ ಒಂದು ಗೇಣು ಇಳಿಯುವಷ್ಟರಲ್ಲಿ ಬಟ್ಟೆ ಉಬ್ಬಿ ಮತ್ತೆ ನೇರವಾಗುತ್ತಿತ್ತು. ಹೊಟ್ಟೆಗೆ ಯಾರೂ ಹಾಗೆ ಕತ್ತರಿಸುವುದಿಲ್ಲ. ಅದು ಕುಂಡೆಗೆ ಬಿಡುವ ಸಡಿಲ! ವಾಲಿದ ಜೇಬಿನ ಬಾಯಿ ನೆನಪಾಯಿತು. ಹಿಂದುಮುಂದು ಮಾಡಿದರೆ ಅದು ಕೈಗೆ ಸರಿಯಾಗಿ ಸಿಗುತ್ತಿತ್ತು. ಮೊಬೈಲಿನಲ್ಲಿ ಒಂದೆರಡು ವಿಡಿಯೋ ಹುಡುಕಿದೆ. ಆ ದೇಶದ ಗಂಡಸರೆಲ್ಲ ಮುಂದೆ ಚಪ್ಪಟೆ, ಹಿಂದೆ ನೆರಿಗೆ ಹಾಕಿಕೊಂಡು ಓಡಾಡುತ್ತಿದ್ದರು.

ಮೇಷ್ಟ್ರು ವಾರಗಟ್ಟಲೆ ಅದನ್ನು ಹಿಂದುಮುಂದಾಗಿ ತೊಟ್ಟಿದ್ದರು. ಅವರ ಹೆಂಡತಿ ನೋಡಿದ್ದರು, ಶಾಲೆಯವರೆಲ್ಲ ನೋಡಿದ್ದರು, ಇಸ್ತ್ರಿಯವನು ನೋಡಿದ್ದ, ನಾನು ಬಿಚ್ಚಿ ಹೊಲಿದಿದ್ದೆ. ಒಬ್ಬರಿಗಾದರೂ ಅನುಮಾನ ಬರಲಿಲ್ಲ. ಸೀರೆಯ ನೆರಿಗೆ ಮುಂದೆ, ಪಂಚೆಯ ನೆರಿಗೆ ಮುಂದೆ, ಹಾಗಾಗಿ ನೆರಿಗೆ ಇರುವುದೇ ಮುಂದೆ ಎಂದು ನಾವೆಲ್ಲ ಹುಟ್ಟಿದಾಗಿನಿಂದ ನಂಬಿದ್ದೇವೆ. ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅಂಗಡಿಗೆ ಬಂದು ವಿಷಯ ಕೇಳಿದ ಮೇಷ್ಟ್ರು ನಗಲಿಲ್ಲ. “ನೆರಿಗೇನ ಹಿಂದಕ್ ಹಾಕ್ಕೊಂಡು ಜನದ ಮುಂದೆ ಹೋಗ್ಲಾ? ಏನಂತಾರೆ ನೋಡ್ದೋರು?”

“ಕಚ್ಚೆ ಹಾಕ್ದಾಗ ನೆರಿಗೆ ಎಲ್ಲೋಯ್ತದೆ? ಹಿಂದಕ್ಕೇ ಅಲ್ವಾ ಸಿಗಿಸೋದು? ಆಗ ಯಾರ್ ನಗ್ತಾರೆ?”

ಮೇಷ್ಟ್ರು ಕಿಲ್ಟನ್ನು ಮೇಜಿನಿಂದ ಎತ್ತಿ ಹಿಂದುಮುಂದು ತಿರುಗಿಸಿ ನೋಡಿದರು. ಆಮೇಲೆ ಪರದೆಯ ಹಿಂದೆ ಹೋಗಿ ತಿರುಗಿಸಿ ತೊಟ್ಟು ಬಂದರು. ಉಂಗುರದ ಹತ್ತಿರ ಈಗ ಚಪ್ಪಟೆ ಬಟ್ಟೆ ಮಾತ್ರ, ಸಿಕ್ಕಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಂಗಡಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದರು. ಕಾಲು ಎತ್ತಿದರು, ತಿರುಗಿದರು. ಜೇಬಿನಿಂದ ಸೀಟಿ ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡರು. ಕೆಲಸ ಮುಂದುವರಿಸಲು ನನಗೆ ಅಷ್ಟು ಸಾಕಾಗಿತ್ತು.

ಗಂಜಿಯನ್ನು ಪೂರ್ತಿ ಕೈಬಿಟ್ಟೆ. ಪ್ರತಿ ನೆರಿಗೆಯ ಒಳ ಅಂಚಿಗೆ, ಮಡಿಕೆಯ ತುದಿಯಲ್ಲೇ, ಸಣ್ಣದಾಗಿ ಒಂದು ಹೊಲಿಗೆ ಓಡಿಸಿದೆ. ಹೊರಗೆ ಕಾಣುವುದಿಲ್ಲ, ಆದರೆ ಬಟ್ಟೆ ಒದ್ದೆಯಾದರೂ ಮಡಿಕೆ ಎಲ್ಲಿದೆ ಎಂಬುದನ್ನು ಆ ಹೊಲಿಗೆ ಹಿಡಿದಿಡುತ್ತದೆ. ನೆರಿಗೆಗಳಿಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಬಿಗಿದು, ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಸಿ ನಾನೇ ಇಸ್ತ್ರಿ ಮಾಡಿದೆ. ಉಜ್ಜುವಂತಿಲ್ಲ, ಒತ್ತಿ ಎತ್ತಬೇಕು. ಅಂಗಡಿಯೆಲ್ಲ ಉಪ್ಪಿನಕಾಯಿ ಜಾಡಿ ಒಡೆದಂತೆ ನಾತ. ಇಸ್ತ್ರಿಯವನು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು ನೋಡಿ, ಮುಖ ತಿರುಗಿಸಿಕೊಂಡು ಹೋದ. ಅವನ ಮುನಿಸು ಇಳಿಯಲು ಒಂದು ತಿಂಗಳೇ ಬೇಕಾಯಿತು.

ಆಮೇಲೆ ಗಾಳಿಯ ಸಮಸ್ಯೆ ಎದುರಾಯಿತು. ಚಪ್ಪಟೆಯಾದ ಮುಂಭಾಗ ಎಂದರೆ ಒಂದರ ಮೇಲೊಂದು ಬರುವ ಎರಡು ಪದರ. ಗಾಳಿ ಬೀಸಿದರೆ ಮೇಲಿನ ಪದರ ಏಳುತ್ತದೆ, ಅದನ್ನು ಹಿಡಿಯಲು ಮೇಷ್ಟ್ರಿಗೆ ಕೈಯಿಲ್ಲ. ವಿಡಿಯೋದಲ್ಲಿನ ಗಂಡಸರು ಮುಂದೆ ಒಂದು ಚರ್ಮದ ಚೀಲ ನೇತುಹಾಕಿಕೊಂಡಿದ್ದರು. ಮೇಷ್ಟ್ರು ಅದನ್ನು ನೋಡಿ, “ನಮ್ಮಜ್ಜಿ ಎಲೆಅಡಿಕೆ ಸಂಚಿ ಇದು. ಇದ್ನ ಅಲ್ಲಿ ಕಟ್ಕೊಂಡು ನಾನ್ ಪೆರೇಡ್ ಮಾಡಾಕಿಲ್ಲ,” ಎಂದುಬಿಟ್ಟರು. ದೊಡ್ಡ ಪಿನ್ನು ಹಾಕೋಣವೆಂದು ಎರಡೂ ಪದರಕ್ಕೆ ಸೇರಿಸಿ ಚುಚ್ಚಿದೆ, ಹೆಜ್ಜೆ ಕಟ್ಟಿಹಾಕಿದಂತಾಯಿತು. ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಿದಾಗ ಹೆಜ್ಜೆ ಸಲೀಸಾಯಿತು, ಆದರೆ ಭಾರ ಸಾಲದು. ಕೊನೆಗೆ ಗೊರೂರಿನಲ್ಲಿ ಮೀನು ಹಿಡಿಯುವ ಒಬ್ಬರಿಂದ ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡುಗಳನ್ನು ತರಿಸಿದೆ. ಯಾತಕ್ಕೆ ಎಂದು ಅವರು ಕೇಳಿದರಂತೆ. ಮೇಷ್ಟ್ರ ಬಟ್ಟೆಗೆ ಎಂದಾಗ, “ಹೊಳೆಗೆ ಎಸೀತೀರಾ ಮೇಷ್ಟ್ರನ್ನ?” ಎಂದು ನಕ್ಕರಂತೆ. ಗುಂಡುಗಳನ್ನು ಬಟ್ಟೆಯ ಪಟ್ಟಿಯಲ್ಲಿ ಸಾಲಾಗಿ ಸುತ್ತಿ, ಮೇಲಿನ ಪದರದ ಮೂಲೆಯ ಮಡಿಕೆಯೊಳಗೆ ಹೊಲಿದೆ. ಫ್ಯಾನನ್ನು ಎದುರಿಗಿಟ್ಟು ಜೋರಾಗಿ ಹಾಕಿ ನೋಡಿದೆ. ಅಂಚು ಸ್ವಲ್ಪ ಅಲುಗಿ ಸುಮ್ಮನಾಯಿತು.

ಮೇಲಕ್ಕೆ ಬಿಳಿ ಅಂಗಿ, ಟೈ. ಅವರ ನೀಲಿ ಬ್ಲೇಜರ್ ಮಾತ್ರ ಕುಂಡೆ ಮುಚ್ಚುವಷ್ಟು ಉದ್ದವಿತ್ತು. ಹಿಂದೆ ನೆರಿಗೆಯ ಮೇಲೆ ಕೂತು ಕೋಳಿಯ ಪುಕ್ಕದಂತೆ ಏಳುತ್ತಿತ್ತು. ಬೆಲ್ಟಿಗಿಂತ ಸ್ವಲ್ಪವೇ ಕೆಳಗೆ ನಿಲ್ಲುವಂತೆ ಕತ್ತರಿಸಬೇಕು ಎಂದೆ. ಅದು ಸೇವೆಗೆ ಸೇರಿದ ಹೊಸದರಲ್ಲಿ ಹೊಲಿಸಿದ್ದು. ಮೇಷ್ಟ್ರು ಜೊತೆಗೆ ಬಂದಿದ್ದ ಹೆಂಡತಿಯ ಮುಖ ನೋಡಿದರು.

“ಇನ್ಯಾವ್ ಪ್ಯಾಂಟಿನ ಮೇಲೆ ಮೆರೀಬೇಕು? ಕತ್ರಿಸಮ್ಮ ನೀನು,” ಎಂದು ಆಕೆ ಹೇಳಿದರು.

ಕೆಳಗಿನ ಜೇಬುಗಳನ್ನು ಬಿಚ್ಚಿ ಮುಚ್ಚಿ, ಅಂಚು ಮಡಿಸಿದೆ. ಎಡಗಾಲಿಗೆ ಮೊಣಕಾಲವರೆಗೆ ಬರುವ ಬಿಳಿ ಸ್ಟಾಕಿಂಗ್, ಅಂಥವು ಅವರಲ್ಲಿ ಬೇಕಾದಷ್ಟಿದ್ದವು. ಬಲಗಾಲಿನ ಉಂಗುರಗಳಿಗೆ ತಂತಿಗಳನ್ನು ಮುಟ್ಟದಷ್ಟು ಸಡಿಲವಾದ ಒಂದು ಬಿಳಿ ಗವಸು ಹೊಲಿದೆ. ಮೇಲೆ ಕೆಳಗೆ ತೆರೆದಿದ್ದು, ಗಾಳಿಯಾಡುತ್ತದೆ, ಪಕ್ಕದಲ್ಲಿ ಅಂಟುಪಟ್ಟಿ. ಈ ಸಲ ಡಾಕ್ಟರಿಗೆ ಫೋಟೋ ಕಳಿಸಿ, ಒಂದೆರಡು ಗಂಟೆ ಹಾಕಬಹುದು ಎನಿಸಿಕೊಂಡ ಮೇಲೆಯೇ ಹಾಕಿಸಿದೆ.

ಹಬ್ಬದ ಹಿಂದಿನ ದಿನ ಹೆಡ್ ಮೇಡಂ ಮುಂದೆ ಹಾಜರಾದೆವು. ಮೇಷ್ಟ್ರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ಕಪ್ಪು ಕಿಲ್ಟು, ಹೊಳೆಯುವ ಬೆಲ್ಟು, ತುಂಡು ನೀಲಿ ಕೋಟು. ಮೇಡಂ ಕನ್ನಡಕ ಸರಿಮಾಡಿಕೊಂಡು ಅಡಿಯಿಂದ ಮುಡಿಯವರೆಗೆ ನೋಡಿದರು.

“ಮೈದಾನದಲ್ಲಿ ಒಂದು ಸುತ್ತು ನಡೆದು ತೋರಿಸಿ.”

ನಡೆದರು. ತಿರುಗಿದರು. ಒಂದೇ ಊರುಗೋಲಿನ ಮೇಲೆ ನಿಂತು ಸಲ್ಯೂಟ್ ಹೊಡೆದರು. ಮೇಡಂ ಅವರ ಸುತ್ತ ಒಮ್ಮೆ ನಡೆದು ನೋಡಿದರು. ಆಮೇಲೆ, “ಆಯ್ತು ಸರ್. ಆದ್ರೆ ಹಿಂದೆ ಒಂದು ಕುರ್ಚಿ ಇಟ್ಟಿರ್ತೀನಿ, ಅದಕ್ಕೆ ಬೇಡ ಅನ್ಬಾರ್ದು,” ಎಂದರು.

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಮೊಣಕಾಲೂರಿ ಕೂತು, ನೆರಿಗೆ ಕೆಡದಿರಲೆಂದು ಬಿಟ್ಟಿದ್ದ ಕಚ್ಚಾ ಹೊಲಿಗೆಗಳನ್ನು ಒಂದೊಂದಾಗಿ ಎಳೆದು ತೆಗೆದೆ. “ಇನ್ನು ಮುಗಿಯೋತನಕ ಕೂತ್ಕೊಳ್ಳೋ ಹಾಗಿಲ್ಲ ಮೇಷ್ಟ್ರೇ. ಕೂತ್ರೆ ನೆರಿಗೆ ಮುದುರ್ತದೆ. ನಾವ್ ಹೆಂಗಸ್ರಾದ್ರೆ ಕೈಯಲ್ಲಿ ಸವರ್ಕಂಡು ಕೂರ್ತೀವಿ, ನಿಮ್ಗೆ ಕೈಯಿಲ್ಲ,” ಎಂದೆ.

“ಕೂರೋಕ್ ಯಾರ್ ಬಂದವ್ರೆ?” ಎಂದರು.

ಅವರು ಮೈದಾನಕ್ಕೆ ಇಳಿದಾಗ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ಒಂದು ನಗು ಕೇಳಿತು. ಮೇಷ್ಟ್ರು ಆ ಕಡೆ ತಿರುಗಲೇ ಇಲ್ಲ, ಸೀಟಿ ಊದಿದರು. ಬಲಗಡೆಯ ಊರುಗೋಲನ್ನು ಧ್ವಜದ ಕಟ್ಟೆಗೆ ಒರಗಿಸಿ, ಎಡಗಡೆಯದರ ಮೇಲೆ ಭಾರ ಬಿಟ್ಟು, ಬೆನ್ನು ನೇರ ಮಾಡಿದರು.

“ಪೆರೇಡ್... ಸಾವಧಾನ್!”

ಮೈದಾನದ ಮಕ್ಕಳೆಲ್ಲ ಒಂದೇ ಸದ್ದಿಗೆ ನಿಂತರು. ಹಿಂದಿನ ಸಾಲೂ ನಿಂತಿತು. ಅತಿಥಿಗಳು ಹಗ್ಗ ಎಳೆದರು, ಬಾವುಟ ಬಿಚ್ಚಿಕೊಂಡಿತು, ಹೂವಿನ ಎಸಳು ಉದುರಿದವು. ಹೊಳೆಯ ಕಡೆಯಿಂದ ಗಾಳಿ ಬಂತು, ಜೊತೆಗೆ ತುಂತುರು ಮಳೆ. ನಾನು ನೋಡುತ್ತಿದ್ದುದು ಬಾವುಟವನ್ನಲ್ಲ, ಕಿಲ್ಟಿನಲ್ಲಿ ಸೀಸದ ಗುಂಡು ಹೊಲಿದ ಆ ಮೂಲೆಯ ಮಡಿಕೆಯನ್ನು. ಅಲುಗಿತು, ಹಾಗೇ ಕೂತಿತು. ಮೇಷ್ಟ್ರ ಬಲಗೈ ಹುಬ್ಬಿನ ಹತ್ತಿರ ಗಟ್ಟಿಯಾಗಿ ನಿಂತಿತ್ತು. ರಾಷ್ಟ್ರಗೀತೆ ಮುಗಿಯುವವರೆಗೂ ಅದು ಇಳಿಯಲಿಲ್ಲ. ನನಗೆ ಅಳು ಬಂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಭಾಷಣಗಳು ಶುರುವಾದವು. ಮೇಡಂ ಕುರ್ಚಿಯನ್ನು ಕಣ್ಣಲ್ಲೇ ತೋರಿಸಿದರು, ಮೇಷ್ಟ್ರು ತಲೆಯಾಡಿಸಿದರು. ಇನ್ನೊಮ್ಮೆ ತೋರಿಸಿದರು, ಇನ್ನೊಮ್ಮೆ ತಲೆಯಾಡಿಸಿದರು. ಅತಿಥಿಗಳ ಮಾತು ಎಲ್ಲೆಲ್ಲೋ ಸುತ್ತಿ ಬರುವ ಹೊತ್ತಿಗೆ ಅವರ ಎಡಗಾಲು ಸಣ್ಣಗೆ ನಡುಗುತ್ತಿರುವುದು ನನಗೆ ಕಾಣುತ್ತಿತ್ತು. ಆದರೂ ನಿಂತರು. ವಿಸರ್ಜನ್ ಎಂದು ಅವರೇ ಕೂಗಿದರು. ಸಾಲುಗಳು ಒಡೆದು, ಮಕ್ಕಳು ಲಾಡು ಹಂಚುವ ಕಡೆಗೆ ಹೋ ಎಂದು ಓಡಿದರು. ಅತಿಥಿಗಳು ಕಾಫಿಗೆ ಹೋದರು. ಮೈದಾನ ಖಾಲಿಯಾಯಿತು.

ಆಗ ಅವರು ತಿರುಗಿ ನನ್ನನ್ನು ಹುಡುಕಿದರು.

“ಆ ಕುರ್ಚಿ ಇತ್ಲಾಗ್ ತತ್ತಾರವ್ವ,” ಎಂದರು. ದನಿ ಸಣ್ಣದಾಗಿತ್ತು.

ಕುರ್ಚಿಯನ್ನು ಹಿಂದಕ್ಕೆ ತಂದಿಟ್ಟು, ಅವರು ಕೂರುವಾಗ ನೆರಿಗೆ ಸವರಿ ಒಟ್ಟು ಮಾಡಲು ಬಗ್ಗಿದೆ.

“ಬುಡವ್ವ,” ಎಂದರು. “ಮುದುರ್ಲಿ ಈಗ.”

ಭಾರವನ್ನೆಲ್ಲ ಬಿಟ್ಟು ಕೂತರು. ಊರುಗೋಲು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಮಕ್ಕಳು ತುಳಿದ ಕೆಸರಿನ ಮೇಲೆ ಹೂವಿನ ಎಸಳು ಅಲ್ಲಲ್ಲಿ ಬಿದ್ದಿದ್ದವು. ಅವರು ಅದನ್ನೇ ನೋಡುತ್ತಾ ಕೂತಿದ್ದರು. ನಾನು ಲಾಡು ತರುವುದಾಗಿ ಹೇಳಿ, ತರಲು ಹೋಗದೆ, ಅಲ್ಲೇ ಪಕ್ಕದಲ್ಲಿ ನಿಂತೆ.